ಆರನೇ ಪದರ

“ಕೈಯಲ್ಲಿ ಅದ್ದಿದ್ರೆ ಇಷ್ಟು ನಿಖರವಾಗಿ ಬರಲ್ಲ ಮೇಡಂ. ನಾವು ಮೆಷಿನ್ ಇಟ್ಕೊಂಡೇ ಒದ್ದಾಡ್ತೀವಿ. ಐದನೇ ಅಧ್ಯಾಯ ತೆಗೆದುಬಿಡಿ, ಈಗಲೇ ಸೈನ್ ಮಾಡ್ತೀನಿ.”

ಪರೀಕ್ಷಕ ನಚಿಕೇತ ಸರ್ವಮಂಗಳಾಳ ಪಿಎಚ್‌ಡಿ ಪ್ರಬಂಧ ಮುಚ್ಚಿದರು. ಅವರು ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಬನಶಂಕರಿಯ ಈ ಮಹಿಳಾ ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಅವಳು ಆರು ವರ್ಷ ದುಡಿದದ್ದು ಆ ಅಧ್ಯಾಯಕ್ಕೆ.

“ಹೂಂ ಅಂದ್ಬಿಡ್ರೀ. ಡಾಕ್ಟರೇಟ್ ಬಂದ್ರೆ ಸಾಕಲ್ವಾ?” ಪಕ್ಕದಲ್ಲಿದ್ದ ಮಾರ್ಗದರ್ಶಕಿ ಶುಭಾ ಪಿಸುಗುಟ್ಟಿದರು.

ಸರ್ವಮಂಗಳಾ ಹೂಂ ಅನ್ನಲಿಲ್ಲ. ಬಣ್ಣದ ಅಣು ಬೆಳ್ಳಿಗೆ ಅಂಟಿಕೊಂಡರೆ ತಾನು ಹೀರಿದ ಬೆಳಕನ್ನೆಲ್ಲ ಬೆಳ್ಳಿಗೇ ಒಪ್ಪಿಸಿ ಮಂಕಾಗುತ್ತದೆ. ತುಸುವೇ ಸರಿದು ನಿಂತರೆ ಅದೇ ಬೆಳ್ಳಿಯಿಂದಾಗಿ ಹಲವು ಪಟ್ಟು ಬೆಳಗುತ್ತದೆ. ಆ ‘ತುಸುವೇ’ ಎಷ್ಟು? ಬೆಳ್ಳಿ ಲೇಪಿಸಿದ ಗಾಜಿನ ಪಟ್ಟಿಗಳನ್ನು ದ್ರಾವಣದಲ್ಲಿ ಅದ್ದಿ, ತೊಳೆದು, ಮತ್ತೆ ಅದ್ದಿ, ಪಾರದರ್ಶಕ ಪದರದ ಮೇಲೆ ಪದರ ಕೂರಿಸಿ, ಕೊನೆಗೆ ಬಣ್ಣ ಸವರಿ ಅವಳು ಅದನ್ನು ಅಳೆದಿದ್ದಳು. ಆರು ಪದರ.

“ಮಧ್ಯೆ ಫೋನ್ ಬಂದ್ರೆ ಎಣಿಕೆ ತಪ್ಪಲ್ವಾ?” ನಚಿಕೇತ ಕೇಳಿದರು.

“ಬಳೆ ಬಿಚ್ಚಿಡ್ತೀನಿ ಸಾರ್. ಒಂದ್ಸಲ ಅದ್ದಿದ್ರೆ ಒಂದು ಬಳೆ ಈ ಕಡೆಯಿಂದ ಆ ಕಡೆಗೆ.”

ನಚಿಕೇತ ನಕ್ಕೇಬಿಟ್ಟರು. “ಬಳೆನಾ! ಪ್ರಬಂಧದಲ್ಲಿ ಬರೆದೇ ಇಲ್ವಲ್ಲ?”

“ಬರೆದಿದ್ರೆ ಮುಂದಕ್ಕೆ ಓದ್ತಿದ್ರಾ ಸಾರ್?”

ನಗು ಅಲ್ಲಿಗೇ ನಿಂತಿತು. ಅವಳು ಪ್ರಯೋಗಾಲಯದ ಬೀರುವಿನಿಂದ ಒಂಬತ್ತು ಪಟ್ಟಿಗಳನ್ನು ತಂದು ಅವರ ಮುಂದಿಟ್ಟಳು. “ಎಷ್ಟು ಪದರ ಅನ್ನೋ ನಂಬರ್ ಹಿಂದಿದೆ. ನೀವೇ ಕಲಸಿ, ನೀವೇ ಜೋಡಿಸಿ. ನಾನು ಮುಟ್ಟೋದಿಲ್ಲ.”

ಕಿಟಕಿಗಳ ಪರದೆ ಎಳೆದರು. ನೀಲಿ ದೀಪದಡಿ ಒಂದು ಪಟ್ಟಿ ಕಪ್ಪಗೇ ಉಳಿಯಿತು. ಕೆಲವು ಮಿನುಗಿದವು. ಒಂದು ಮಾತ್ರ ಕೆಂಡದಂತೆ ಉರಿಯಿತು. ನಚಿಕೇತ ಅದನ್ನು ಮಗುಚಿದರು: ಆರು. ಅದಕ್ಕಿಂತ ಕೊಂಚ ಮಂಕಾದ ಎರಡನ್ನು ಮಗುಚಿದರು: ಐದು, ಏಳು.

“ಇನ್ನೊಂದು ಸೆಟ್ ಇದ್ಯಾ?”

“ಹನ್ನೊಂದಿವೆ ಸಾರ್. ಯಾವುದು ಕೊಡಲಿ?”

ಮೂರು ಸೆಟ್ ನೋಡಿದರು. ಮೂರರಲ್ಲೂ ಆರೇ. ಶುಭಾ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ನಚಿಕೇತ ಪ್ರಬಂಧ ತೆರೆದು, ಒಂದು ಪುಟವನ್ನೂ ತೆಗೆಸದೆ ಸಹಿ ಹಾಕಿದರು. ಆಮೇಲೆ ದನಿ ತಗ್ಗಿಸಿ, “ಒಂದು ಪಟ್ಟಿ ಸಿಗುತ್ತಾ ಮೇಡಂ? ನಮ್ಮ ಹುಡುಗರಿಗೆ ತೋರಿಸ್ಬೇಕು,” ಎಂದರು.

“ಹಳೇದ್ಯಾಕೆ ಸಾರ್? ಕೂತ್ಕೊಳ್ಳಿ, ನಿಮ್ಮೆದುರೇ ಹೊಸದು ಮಾಡ್ಕೊಡ್ತೀನಿ. ಎರಡು ಗಂಟೆ ಹಿಡಿಯುತ್ತೆ. ನಡುವೆ ಮಾತಾಡಿಸ್ಬೇಡಿ, ಅಷ್ಟೆ.”

ನಚಿಕೇತ ವಿದ್ಯಾರ್ಥಿನಿಯರ ಸ್ಟೂಲೊಂದನ್ನು ಸದ್ದಾಗದಂತೆ ಎಳೆದುಕೊಂಡು, ಕೈಕಟ್ಟಿ ಕುಳಿತರು.