ಎರವಲು ಜೀವ

"ಮುಗೀತು. ರೀಸ್ಟಾರ್ಟ್ ಕೊಡು," ಎಂದು ತರುಣ್ ಮೈಮುರಿದ. ಜೀವಿತಾ ಮಾತ್ರ ಕೀಲಿಮಣೆಯಿಂದ ಬೆರಳು ತೆಗೆದಳು.

ತಿರುವನಂತಪುರದ ಕಳಕ್ಕೂಟಂನ ಆಫೀಸಿನಲ್ಲಿ ಅವರಿಬ್ಬರೇ. ಹೊರಗೆ ಹರತಾಳ, ರಸ್ತೆಯಲ್ಲಿ ಒಂದು ಆಟೊ ಸಹ ಇಲ್ಲ. ಕೆಟ್ಟ ಸರ್ವರ್ ಇದ್ದದ್ದು ಎರ್ನಾಕುಲಂನಲ್ಲಿ, ಶಟರ್ ಎಳೆದು ಬೀಗ ಹಾಕಿದ ಕಟ್ಟಡದೊಳಗೆ. ಅಲ್ಲಿನ ಯಾವ ಆಂಬುಲೆನ್ಸ್ ಎಲ್ಲಿದೆ ಎಂದು ತಿಳಿಯುತ್ತಿದ್ದದ್ದು ಅದರಿಂದಲೇ. ಬೆಳಿಗ್ಗೆ ಅದರ ಡಿಸ್ಕಿನಲ್ಲಿದ್ದದ್ದೆಲ್ಲ ಹಾಳಾಗಿ, ಮೆಮೊರಿಯಲ್ಲಿ ಉಳಿದಷ್ಟರ ಬಲದಿಂದ ಯಂತ್ರ ಉಸಿರು ಹಿಡಿದುಕೊಂಡಿತ್ತು. ಇಲ್ಲಿರುವ ಜೋಡಿ ಸರ್ವರ್‌ನ ಡಿಸ್ಕನ್ನು ಇದ್ದ ಹಾಗೆಯೇ ಪ್ರತಿಮಾಡಿ, ನೆಟ್‌ವರ್ಕಿನ ಮೂಲಕ ಅದಕ್ಕೆ ತುಂಬಿದ್ದರು.

ಫೋನ್ ಬಂತು. ಎರ್ನಾಕುಲಂನ ಆಂಬುಲೆನ್ಸ್ ಕಚೇರಿಯ ವಿಲ್ಸನ್, ಮಂಗಳೂರು ಕಡೆಯವನು. "ಎಂತ ಮಾರಾಯ್ತಿ, ಆಯ್ತಾ? ಒಬ್ರ ಮನೆಗೆ ಎರಡು ಗಾಡಿ ಹೋಯ್ತು, ಇನ್ನೊಬ್ರ ಮನೆಗೆ ಒಂದೂ ಹೋಗ್ಲಿಲ್ಲ."

"ಸ್ವಲ್ಪ ತಡೀರಿ ವಿಲ್ಸನಣ್ಣ."

"ಇನ್ನೇನ್ ತಡಿಯೋದು?" ತರುಣ್ ರೇಗಿದ. "ಒಂದು ಎಂಟರ್ ಒತ್ತೋಕೂ ಮುಹೂರ್ತ ನೋಡ್ತೀಯಾ?"

"ಒತ್ತಿದ ಮೇಲೆ ಅದು ಏಳದಿದ್ರೆ? ಹೋಗಿ ಎಬ್ಬಿಸ್ಲಿಕ್ಕೆ ಯಾರುಂಟು ಅಲ್ಲಿ?"

ಅವಳು ಮಾಡಿದ್ದನ್ನೆಲ್ಲ ಮೊದಲಿನಿಂದ ಮನಸ್ಸಿನಲ್ಲೇ ನಡೆದು ನೋಡಿದಳು. ಸಸಿ ಕಿತ್ತಾಗ ಬೇರಿನ ಜೊತೆ ಹಳೆಯ ಮಣ್ಣೂ ಬರುತ್ತದೆ. ಈ ಪ್ರತಿಯ ಜೊತೆ ಇಲ್ಲಿಯದೇನು ಹೋಗಿದೆ?

"ನೆಟ್‌ವರ್ಕಿನ ವಿಳಾಸ!" ಎಂದಳು. "ಇದು ನಮ್ಮ ಸರ್ವರ್‌ನ ಪಡಿಯಚ್ಚು ತರುಣ್. ಎದ್ದ ಕೂಡಲೆ ತಾನು ತಿರುವನಂತಪುರದಲ್ಲೇ ಉಂಟು ಅಂತ ತಿಳ್ಕೊಳ್ತದೆ. ಎರ್ನಾಕುಲಂನ ನಂಬರಿಗೆ ಕರೆದ್ರೆ ಓಗೊಡ್ಲಿಕ್ಕಿಲ್ಲ."

ತರುಣ್ ಎರ್ನಾಕುಲಂನ ವಿಳಾಸದ ಅಂಕಿಗಳನ್ನು ಹುಡುಕಿ ಓದಿದ. ಅವಳು ಅಲ್ಲಿಗೆ ತುಂಬಿದ ಪ್ರತಿಯೊಳಗೆ ಒಂದೊಂದಾಗಿ ತಿದ್ದಿದಳು.

"ಇನ್ನೊಮ್ಮೆ ಓದು."

"ಎಷ್ಟು ಸಲ ಕಣೇ!"

"ಓದು ಅಂದೆ."

ಕೊನೆಗೆ ಎಂಟರ್ ಒತ್ತಿದಳು. ಪರದೆ ಸ್ತಬ್ಧವಾಯಿತು. ಕೀಲಿಮಣೆಯಿಂದಲೇ ಎರ್ನಾಕುಲಂನ ಸರ್ವರನ್ನು ಕರೆದಳು, ಉತ್ತರವಿಲ್ಲ. ಮತ್ತೆ ಕರೆದಳು, ಇಲ್ಲ. ಏನೋ ಹೇಳಹೊರಟ ತರುಣ್‌ನನ್ನು ಕೈಯೆತ್ತಿ ತಡೆದಳು. "ಹಳೇ ಯಂತ್ರ. ಏಳ್ಲಿಕ್ಕೆ ಹೊತ್ತು ಬೇಕು."

ಎದ್ದಿತು. ಓಗೊಟ್ಟಿತು.

ವಿಲ್ಸನ್‌ಗೆ ಫೋನ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೂ ಅದೇ. ಅಷ್ಟರಲ್ಲಿ ಪರದೆಯ ಮೇಲೆ ಅವನು ಅಲ್ಲಿಂದ ಆ ಸರ್ವರ್‌ಗೇ ಬರೆದ ಸಾಲೊಂದು ಮೂಡಿತು: ತ್ರಿಪ್ಪುಣಿತ್ತುರ, ಹೆರಿಗೆ ನೋವು, ಹತ್ತಿರದ ಗಾಡಿ ಹೊರಟಿದೆ.

"ಸರಿಹೋಯ್ತು ಅಂತ ಒಂದ್ ಮಾತು ಹೇಳಬಾರದಾ ಆ ಮನುಷ್ಯ?" ಎಂದ ತರುಣ್.

ಜೀವಿತಾ ಫೋನನ್ನು ಕೆಳಗಿಟ್ಟಳು. "ಅವರಿಗೆ ಪುರುಸೊತ್ತಿಲ್ಲ. ನಮಗೆ ಅಷ್ಟೇ ಬೇಕಾದ್ದು."