ಇವತ್ತಿನ ಗಂಟೆ

ಬೆಳಿಗ್ಗೆ ಒಂಬತ್ತಕ್ಕೇ ಆರೈಕೆಯ ತಪಾಸಣೆಗೆ ಬಂದ ಅಧಿಕಾರಿ ಮಂಚದ ಪಕ್ಕದ ಕರೆಗಂಟೆ ಒತ್ತಿದ್ದೇ ತಡ, ಮಾತು ನಿಂತುಹೋದ ಅಜ್ಜಿ ಆಡುವ ಒಂದೇ ಕೈಯಿಂದ ಮುಖ ಮುಚ್ಚಿಕೊಂಡಳು.

ಅಡುಗೆಮನೆಯಿಂದ ಆರೈಕೆಯವಳು ಓಡಿಬಂದಳು. ಅಧಿಕಾರಿ ಕೈಗಡಿಯಾರ ನೋಡಿದ. "ನಾಲ್ಕೇ ಸೆಕೆಂಡು! ಹೆತ್ತ ಮಗಳೂ ಹೀಗೆ ಓಡಿಬರಲ್ಲಮ್ಮ," ಎಂದು ಹೊಗಳಿ ಫಾರಂನಲ್ಲಿ ಗುರುತು ಹಾಕಿದ. "ಅಜ್ಜಿ ಯಾಕೆ ಮುಖ ಮುಚ್ಕೊಂಡ್ರು?"

"ಹೊಸಬರನ್ನ ಕಂಡ್ರೆ ನಾಚ್ಕೆ, ಸಾರ್."

ಅಧಿಕಾರಿ ನಕ್ಕ. ಫಾರಂನಲ್ಲಿ ನಾಚಿಕೆಗೆ ಜಾಗವಿರಲಿಲ್ಲ. ಅಜ್ಜಿಗೆ ಕೈಮುಗಿದು ಹೊರಟುಹೋದ.

ಚಿಲಕ ಹಾಕಿ ಬಂದ ಆರೈಕೆಯವಳು ಗಂಟೆಯ ಗುಂಡಿಯನ್ನು ವೈರಿನ ಸಮೇತ ಕೈಗೆಟುಕದ ಮೊಳೆಗೆ ನೇತುಹಾಕಿದಳು. ಆಮೇಲೆ ಅಜ್ಜಿಯ ಕೆನ್ನೆ ತಟ್ಟಿದಳು. "ದಿನಕ್ಕೆ ಒಂದೇ ಸಲ ಒತ್ಬೇಕು ಅಂದಿದ್ದೆ ತಾನೆ? ಇವತ್ತಿನ ಗಂಟೇನ ಸಾಹೇಬ್ರು ಒತ್ತಿ ಮುಗಿಸಿದ್ರು. ಒದ್ದೆ ಮಾಡ್ಕೊಂಡ್ರೂ ಇನ್ನು ನಾಳೇನೇ, ಅಜ್ಜಿ."