ಪೂಜೆಗೆ ಕೂತ ಪ್ಲೇಸ್ಟೇಷನ್

"ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆಗಂಟ ನಾನು ಮುಟ್ಟಕಿಲ್ಲ ಕಣಪ್ಪ," ಎಂದು ಶಶಿಕುಮಾರ ಅಂಗಡಿಯ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಅವನ ಗೇಮ್ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಅವನ ಗಿರಾಕಿಗಳೇ. ಒಳಗೆ ಮೇಜಿನ ಮೇಲೆ ಟೀವಿಗೆ ಹಾಕಿ ಆಡುವ ಗೇಮ್ ಪೆಟ್ಟಿಗೆ, ಪ್ಲೇಸ್ಟೇಷನ್ ಟೂ, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು. ಟೀವಿಗೆ ವಿಭೂತಿ, ಸ್ಟೆಬಿಲೈಸರಿಗೆ ಕುಂಕುಮ. ಹೊರಗೆ, ಎದುರಿನ ಸೈಬರ್ ಕೆಫೆಯ ಮುರಳೀಕೃಷ್ಣ, ಸೋದರಮಾವ ಮಸ್ಕತ್ತಿನಿಂದ ತಂದುಕೊಟ್ಟ ಬೇರೆ ಕಂಪನಿಯ ಗೇಮ್ ಪೆಟ್ಟಿಗೆ ಎಕ್ಸ್‌ಬಾಕ್ಸನ್ನು ಬ್ಯಾಗಿನಲ್ಲಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

ತಪ್ಪು ಶಶಿಯದೇ. ಹೋದ ವಾರ ಮುರಳಿ ನಡುರಸ್ತೆಯಲ್ಲಿ ನಿಂತು, ನಿನ್ನದು ಹಳೇ ಡಬ್ಬ, ನನ್ನದನ್ನು ಒಂದು ಸಲ ನೋಡಿದರೆ ನಿನ್ನ ಗಿರಾಕಿ ಒಬ್ಬನೂ ನಿನ್ನ ಕಡೆ ತಲೆ ಹಾಕುವುದಿಲ್ಲ ಎಂದಿದ್ದ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ಶಶಿಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ರಜೆ ದಿನ ತೆಗೆದುಕೊಂಡು ಬಾ, ಎರಡನ್ನೂ ನನ್ನ ಟೀವಿಗೇ ಹಾಕಿ ನೋಡೇಬಿಡೋಣ, ಯಾರದನ್ನು ಜನ ಒಪ್ಪುವುದಿಲ್ಲವೋ ಅವನು ಗೇಮ್ ವ್ಯಾಪಾರ ಬಿಟ್ಟುಬಿಡಲಿ ಎಂದು ಸವಾಲು ಹಾಕಿದ. ಆ ರಜೆ ಆಯುಧಪೂಜೆಯದು ಎನ್ನುವುದು ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ. ಅಂಗಡಿ ಹೋದರೆ ಅವನಿಗೆ ಉಳಿಯುವುದು ದಂಡಿಗನಹಳ್ಳಿಯ ಹಾಲಿನ ಡೈರಿ. ಅಲ್ಲಿ ಮತ್ತೆ ಕ್ಯಾನು ತೊಳೆಯಬೇಕು.

"ಮುಟ್ಟಬಾರ್ದೋ, ಮುಟ್ಟೋಕೆ ಹೆದರಿಕೆಯೋ?" ಮುರಳಿ ನಕ್ಕ. "ಬಸ್ ಸ್ಟ್ಯಾಂಡಿಗೆ ಹೋಗ್ ನೋಡು. ಪೂಜೆ ಮಾಡಿ, ಬಾಳೆಕಂದು ಕಟ್ಕೊಂಡೇ ಬಸ್ಸು ಓಡಿಸ್ತಿದಾರೆ."

ಜನರೊಳಗೆ ಗುಸುಗುಸು ಎದ್ದಿತು. ಶಶಿಯ ಕಿವಿ ಕಾದುಹೋಯಿತು. ಹಾರ ಕಿತ್ತೆಸೆದು ಸ್ವಿಚ್ಚು ಒತ್ತಿ, ಇವನ ಬಾಯಿ ಮುಚ್ಚಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಹಲ್ಲು ಕಚ್ಚಿ ತಡೆದುಕೊಂಡ.

"ಬಸ್ಸಿಗೆ ರಜಾ ಕೊಡಕ್ಕೆ ಅದರ ಓನರ್ ಒಪ್ಪಕಿಲ್ಲ. ಇದರ ಓನರ್ ನಾನು. ವರ್ಸೆಲ್ಲಾ ನಂಗೆ ಅನ್ನ ಆಕ್ತದೆ, ಒಂದಿನ ಸುಮ್ಕೆ ಕೂತ್ಕಳ್ಳಿ ಅಂತ ಬುಟ್ಟಿವ್ನಿ."

ಬಂದ ಜನವನ್ನು ಬರಿಗೈಯಲ್ಲಿ ಕಳಿಸುವವನಲ್ಲ ಮುರಳಿ. ಜಗಲಿಯ ಮೇಲೆ ಬ್ಯಾಗು ಬಿಚ್ಚಿ ಎಕ್ಸ್‌ಬಾಕ್ಸ್ ತೆಗೆದಿಟ್ಟ. ಕರ್ರಗೆ, ದಪ್ಪಗೆ, ಎತ್ತುವವನ ಕೈ ಬಗ್ಗಿಸುವಂತಿತ್ತು. ಸ್ವಿಚ್ಚು ಒತ್ತದೆ, ಬರೀ ಮಾತಿನಲ್ಲೇ ಪಂದ್ಯ ಶುರುವಾಯಿತು. ಇದರ ಸ್ಪೀಡು ಅದರ ಎರಡರಷ್ಟು ಎಂದ ಮುರಳಿ. ನನ್ನದರ ಡಿಸ್ಕು ಹಾಸನದಲ್ಲೇ ಸಿಗುತ್ತದೆ, ನಿನ್ನದಕ್ಕೆ ಮಸ್ಕತ್ತಿಗೆ ಟಿಕೆಟ್ ತೆಗೆಸಬೇಕು ಎಂದ ಶಶಿ. ಜನ ನಕ್ಕರು. ಇದರಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದು, ನಿನ್ನದಕ್ಕೆ ಕಂಟ್ರೋಲರ್ ಸಿಕ್ಕಿಸಲು ಇರುವುದು ಎರಡೇ ತೂತು ಎಂದ ಮುರಳಿ. ಅದು ನಿಜ. ಶಶಿ ಮಾತು ತಿರುಗಿಸಿ, ನನ್ನದರಲ್ಲಿ ಸಿನಿಮಾನೂ ನೋಡಬಹುದು, ನಿನ್ನದರಲ್ಲಿ ನೋಡಬೇಕಾದರೆ ಬೇರೆ ರಿಮೋಟು ಕೊಳ್ಳಬೇಕು ಎಂದ. ಈ ಸಲ ಯಾರೂ ನಗಲಿಲ್ಲ.

ಕೊನೆಗೆ ಮುರಳಿ ತನ್ನ ಪೆಟ್ಟಿಗೆಯ ನೆತ್ತಿ ತಟ್ಟಿದ. ಇದರೊಳಗೆ ಹಾರ್ಡ್ ಡಿಸ್ಕ್ ಇದೆ, ಯಾರ ಆಟ ಎಲ್ಲಿಗೆ ನಿಂತಿತ್ತೋ ಎಲ್ಲ ಇದರಲ್ಲೇ ಉಳಿಯುತ್ತದೆ, ಇವನ ಅಂಗಡಿಯಲ್ಲಿ ಆಡೋರ ಹಾಗೆ ಮೆಮೊರಿ ಕಾರ್ಡ್ ಕೊಂಡು ಜೇಬಿನಲ್ಲಿ ಹೊತ್ತು ತಿರುಗುವ ಕರ್ಮ ಇಲ್ಲ ಎಂದ. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ನಾಟಿತ್ತು.

ಶಶಿ ಮುರಳಿಗಲ್ಲ, ಜನರಿಗೆ ಹೇಳಿದ. "ಅಂಗಂದ್ರೆ ಎಲ್ರು ಆಟನೂ ಅವನ ಪೆಟ್ಗೆ ಒಳಗೇ ಬಿದ್ದಿರ್ತದೆ. ನನ್ ಅಂಗ್ಡೀಲಿ ಅವರವರ ಆಟ ಅವರವರ ಜೋಬಲ್ಲೈತೆ. ನನ್ ಮೇಲೆ ಸಿಟ್ ಬಂದ್ರೆ ಇನ್ನೊಂದ್ ಅಂಗ್ಡಿಗೆ ತಗಂಡೋಗಿ. ನಾನ್ ಯಾರ್ನೂ ಕಟ್ಟಾಕ್ಕಂಡಿಲ್ಲ."

ಹಿಂದಿನಿಂದ ಚನ್ನಬಸವಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹಗಲೆಲ್ಲ ಶಾಂತಿಗ್ರಾಮದ ಮೇಲೆ ಹಾಸನಕ್ಕೆ ಬಸ್ಸು ಓಡಿಸಿ, ಸಂಜೆ ಇಲ್ಲಿಗೆ ಬಂದು ಮತ್ತೆ ಕಾರ್ ರೇಸು ಓಡಿಸುವ ಡ್ರೈವರ್ ಅವನು. ಖಾಕಿ ಅಂಗಿಯ ಜೇಬಿನಿಂದ ಮೆಮೊರಿ ಕಾರ್ಡ್ ತೆಗೆದು ಅಂಗೈಯಲ್ಲಿಟ್ಟು ಚಾಚಿದ.

"ಇದುಕ್ಕೂ ಒಂಚೂರು ಕುಂಕುಮ ಇಡು ಶಶಿ. ನಂದು ಅಂತ ಇರೋ ಗಾಡಿ ಇದ್ರೊಳಗೇ ಇರೋದು."

ಅವನ ಹಿಂದೆ ಇನ್ನೊಂದು ಕೈ ಬಂತು, ಮತ್ತೊಂದು ಬಂತು. ಶಶಿ ಒಳಗಿನಿಂದ ತಂದ ಪೂಜೆಯ ತಟ್ಟೆಯಲ್ಲಿ, ನೋಡನೋಡುತ್ತ ವೀಳ್ಯದೆಲೆಯ ಮೇಲೆ ಕರಿ ಕಾರ್ಡುಗಳ ಗುಡ್ಡೆಯಾಯಿತು. ಶಶಿ ಒಂದೊಂದನ್ನೇ ಎತ್ತಿ ಬೊಟ್ಟಿಟ್ಟ. ಅವನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಬಿಗಿದಂತಾಯಿತು. ಸ್ಕೂಲಿನಲ್ಲಿ ಒಂದು ದಿನವೂ ಯಾರೂ ಅವನ ಪರ ಹೀಗೆ ಕೈ ಎತ್ತಿರಲಿಲ್ಲ.

ಮುರಳಿ ಎಕ್ಸ್‌ಬಾಕ್ಸನ್ನು ಬ್ಯಾಗಿಗೆ ಇಳಿಸಿ ಜಿಪ್ಪು ಎಳೆಯುತ್ತಿದ್ದ. ಶಶಿ ತಟ್ಟೆ ಹಿಡಿದೇ ಜಗಲಿಗೆ ಬಂದ.

"ಇದುಕ್ಕೆ ಪೂಜೆ ಮಾಡ್ಲಿಲ್ವಾ?"

"ಕೆಫೇಲಿ ಮಿಕ್ಕಿದ್ದಕ್ಕೆಲ್ಲ ಮಾಡ್ದೆ." ಮುರಳಿ ನೆಲ ನೋಡಿದ. "ಮಾಡಿದ್ರೆ ಇವತ್ತು ಓಡಿಸೋ ಹಾಗಿರ್ಲಿಲ್ವಲ್ಲ. ಅದಕ್ಕೇ ಇದೊಂದನ್ನ ಬಿಟ್ಟಿದ್ದೆ."

ಶಶಿಗೆ ಬಾಯಿತುಂಬ ಬೈಯುವಷ್ಟು ಮಾತಿತ್ತು. ಬೈಯಲಿಲ್ಲ. ಬ್ಯಾಗಿನ ಬಾಯಿ ಅಗಲಿಸಿ, ಉಂಗುರದ ಬೆರಳಲ್ಲಿ ಕುಂಕುಮ ತೆಗೆದು, ಆ ಕರಿ ಪೆಟ್ಟಿಗೆಯ ನೆತ್ತಿಗೆ ದೊಡ್ಡದಾಗಿ ಇಟ್ಟ.

"ಇವತ್ತಿನ್ ದಿನ ಬರಿ ಅಣೇಲಿ ಕಳುಸ್ಬಾರ್ದು. ತಗಂಡೋಗು."

ಮುರಳಿ ರಸ್ತೆಗಿಳಿದ. ಬ್ಯಾಗನ್ನು ಹೆಗಲಿಗೆ ಹಾಕಿರಲಿಲ್ಲ. ಕುಂಕುಮ ಅಳಿಸದ ಹಾಗೆ ಜಿಪ್ಪು ತೆರೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎದುರು ಬಂದ ಆಟೋಗಳನ್ನು ನಿಲ್ಲಿಸಿಕೊಂಡು ನಡೆಯುತ್ತಿದ್ದ.